ಕಂಡರೂ ಪ್ರಮಾಣಿಸಿ ನೋಡಬೇಕು

ವಿದ್ಯುತ್ತು ಕಣ್ಣಿಗೆ ಕಾಣುವ ವಸ್ತುವಲ್ಲ. ಅದರ ಇರವನ್ನು ನಾವು ಬಲ್ಬಿನ ಬೆಳಕಿನಿಂದಲೋ, ಮೀಟರಿನ ಮುಳ್ಳಿನ ಚಲನೆಯಿಂದಲೋ ಊಹಿಸಿಕೊಳ್ಳುತ್ತೇವೆ. ಆದರೆ ಮೀಟರು ಹೇಳುವುದು ಒಂದೇ ಒಂದು ಸಂಖ್ಯೆಯನ್ನು. ಆ ವಿದ್ಯುತ್ತು ಕ್ಷಣಕ್ಷಣಕ್ಕೂ ಹೇಗೆ ಏರಿತು, ಹೇಗೆ ಇಳಿಯಿತು, ನಡುವೆ ಎಲ್ಲಿ ತಡವರಿಸಿತು ಎಂಬುದನ್ನು ಅದು ತಿಳಿಸಲಾರದು. ಈ ಏರಿಳಿತವನ್ನು ಗೆರೆಯಾಗಿ ಬರೆದು ತೋರಿಸುವ ಉಪಕರಣವೇ ಆಸಿಲೋಸ್ಕೋಪ್. ಕನ್ನಡದಲ್ಲಿ ಹೇಳುವುದಾದರೆ ಆಂದೋಲನದರ್ಶಕ. ವೈದ್ಯನಿಗೆ ಸ್ಟೆತಾಸ್ಕೋಪು ಹೇಗೋ, ಎಲೆಕ್ಟ್ರಾನಿಕ್ಸ್ ಅಭ್ಯಾಸಿಗೆ ಇದು ಹಾಗೆ.

ಈ ಉಪಕರಣದ ವಂಶಾವಳಿ ದೀರ್ಘವಾದುದು. 1897ರಲ್ಲಿ ಫರ್ಡಿನಾಂಡ್ ಬ್ರೌನ್ ಎಂಬ ಜರ್ಮನ್ ಭೌತವಿಜ್ಞಾನಿ ಸ್ಟ್ರಾಸ್‌ಬರ್ಗಿನಲ್ಲಿ ಕ್ಯಾಥೋಡ್ ಕಿರಣಗಳ ನಳಿಗೆಯೊಂದನ್ನು ರಚಿಸಿ, ಕಿರಣವು ಪರದೆಯ ಮೇಲೆ ಮೇಲೆ ಕೆಳಗೆ ಓಲಾಡುವಂತೆ ಮಾಡಿದನು. ಕಾಲವನ್ನು ಅಡ್ಡಲಾಗಿ ಹರಡಿ ನೋಡಲು ಅವನು ತಿರುಗುವ ಕನ್ನಡಿಯನ್ನು ಆಶ್ರಯಿಸಬೇಕಾಯಿತು. ಅರ್ಧ ಶತಮಾನ ಕಳೆದ ಮೇಲೆ, 1947ರಲ್ಲಿ, ಅಮೆರಿಕದ ಟೆಕ್ಟ್ರಾನಿಕ್ಸ್ ಸಂಸ್ಥೆಯು 511 ಎಂಬ ಆಸಿಲೋಸ್ಕೋಪನ್ನು ಮಾರಾಟಕ್ಕೆ ತಂದಿತು. ತರಂಗವು ಒಂದು ನಿರ್ದಿಷ್ಟ ಮಟ್ಟವನ್ನು ಮುಟ್ಟಿದ ಕೂಡಲೇ ಗೆರೆ ಎಳೆಯಲು ತೊಡಗುವ ‘ಟ್ರಿಗರ್’ ವ್ಯವಸ್ಥೆ ಅದರಲ್ಲಿ ಇದ್ದುದರಿಂದ ಚಿತ್ರವು ಓಡಾಡದೆ ಸ್ಥಿರವಾಗಿ ನಿಲ್ಲುತ್ತಿತ್ತು. ಅದರ ವ್ಯಾಪ್ತಿ 10 ಮೆಗಾಹರ್ಟ್ಸ್. ಬೆಲೆ 795 ಡಾಲರು. ಅಂದಿನ ಕಾಲಕ್ಕೆ ಅದು ಸಾಮಾನ್ಯನ ಕೈಗೆ ಎಟುಕುವ ಮೊತ್ತವಾಗಿರಲಿಲ್ಲ.

ಇಂದು ಪರಿಸ್ಥಿತಿ ಬದಲಾಗಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ಇಲ್ಲವೆ ಪಾಟಿಯಷ್ಟು ಅಗಲವಾದ, ಬೆರಳಿನಿಂದ ಮುಟ್ಟಿ ನಡೆಸುವ ಪರದೆಯುಳ್ಳ, ಬ್ಯಾಟರಿಯ ಬಲದಿಂದ ಕೆಲಸಮಾಡುವ ಡಿಜಿಟಲ್ ಆಸಿಲೋಸ್ಕೋಪುಗಳು ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುತ್ತಿವೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಿಡಿಭಾಗ ಕೊಳ್ಳಲು ಹೋಗುವ ವಿದ್ಯಾರ್ಥಿಯು, ಹಿಂದೆ ಕಾಲೇಜಿನ ಪ್ರಯೋಗಶಾಲೆಯ ಬೀರುವಿನಲ್ಲಷ್ಟೇ ಕಂಡಿದ್ದ ಉಪಕರಣವನ್ನು ಈಗ ತನ್ನದೇ ಆಗಿ ಇಟ್ಟುಕೊಳ್ಳುವ ಆಸೆ ಪಡಬಹುದಾಗಿದೆ. ಇದು ಸಂತೋಷದ ಸಂಗತಿಯೇ ಸರಿ.

ಆದರೆ ಈ ಪುಟ್ಟ ಉಪಕರಣದ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳನ್ನು ನಾವು ಕೇಳುತ್ತೇವೆ. ಇದು ಆಟದ ಸಾಮಾನು, ಇದರ ಅಳತೆಗೆ ಬೆಲೆಯಿಲ್ಲ, ವಿದ್ಯಾರ್ಥಿಗಳು ಇದನ್ನು ಮುಟ್ಟಬಾರದು ಎನ್ನುವ ಅಧ್ಯಾಪಕರು ಒಂದು ಕಡೆ. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳನ್ನೆಲ್ಲ ವೇದವಾಕ್ಯವೆಂದು ನಂಬಿ, ಪರದೆಯಲ್ಲಿ ಮೂಡಿದ್ದೆಲ್ಲ ಸತ್ಯವೆಂದು ತಿಳಿಯುವ ವಿದ್ಯಾರ್ಥಿಗಳು ಇನ್ನೊಂದು ಕಡೆ. ನನ್ನ ಮತದಲ್ಲಿ ಇಬ್ಬರ ನಿಲುವೂ ಸರಿಯಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮಲ್ಲೊಂದು ಗಾದೆಯುಂಟು. ಈ ಉಪಕರಣವನ್ನು ಕೊಳ್ಳಿರಿ, ಧಾರಾಳವಾಗಿ ಬಳಸಿರಿ. ಆದರೆ ಅದರಿಂದ ಲೋಕವನ್ನು ಅಳೆಯುವ ಮುನ್ನ ಅದನ್ನೇ ಅಳೆದು ನೋಡಿರಿ. ಅದರ ಕೊರತೆಗಳನ್ನು ಕಂಡುಹಿಡಿದು, ಅವನ್ನು ದಾಟುವ ಉಪಾಯಗಳನ್ನು ಕಲಿತವನು ಪಠ್ಯಪುಸ್ತಕದ ಹಲವು ಅಧ್ಯಾಯಗಳನ್ನು ಕೈಯಾರೆ ಓದಿದಂತಾಗುತ್ತದೆ. ಇದೇ ನಾನು ಇಲ್ಲಿ ಹೇಳಬಯಸುವ ಮಾತು.

ಮೊದಲಿಗೆ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ವಿಚಾರಿಸೋಣ. ಅಲ್ಲಿ ಸಾಮಾನ್ಯವಾಗಿ ಎರಡು ದೊಡ್ಡ ಸಂಖ್ಯೆಗಳಿರುತ್ತವೆ: ಬ್ಯಾಂಡ್‌ವಿಡ್ತ್ ಎಷ್ಟು ಮೆಗಾಹರ್ಟ್ಸ್ ಎಂಬುದು ಒಂದು, ಸೆಕೆಂಡಿಗೆ ಎಷ್ಟು ಮಾದರಿಗಳನ್ನು ತೆಗೆದುಕೊಳ್ಳುತ್ತದೆ ಎಂಬುದು ಇನ್ನೊಂದು. ಡಿಜಿಟಲ್ ಆಸಿಲೋಸ್ಕೋಪು ತರಂಗವನ್ನು ಎಡೆಬಿಡದೆ ನೋಡುವುದಿಲ್ಲ. ಸಮಾನ ಅಂತರದ ಕ್ಷಣಗಳಲ್ಲಿ ಇಣುಕಿ ನೋಡಿ, ಆಗ ಕಂಡ ವೋಲ್ಟೇಜನ್ನು ಸಂಖ್ಯೆಯಾಗಿ ಬರೆದಿಟ್ಟುಕೊಂಡು, ಆ ಚುಕ್ಕೆಗಳನ್ನು ಜೋಡಿಸಿ ಗೆರೆ ಎಳೆಯುತ್ತದೆ. ಆ ಒಂದೊಂದು ಇಣುಕುನೋಟವೂ ಒಂದು ಮಾದರಿ. ಏಳಂಗುಲ ಪರದೆಯ ಒಂದು ಜನಪ್ರಿಯ ಉಪಕರಣದ ಪೆಟ್ಟಿಗೆಯ ಮೇಲೆ 100 ಮೆಗಾಹರ್ಟ್ಸ್, ಸೆಕೆಂಡಿಗೆ 100 ಕೋಟಿ ಮಾದರಿ ಎಂದು ಅಚ್ಚಾಗಿತ್ತು. ಕುತೂಹಲಿಗಳಾದ ಬಳಕೆದಾರರು ಅದನ್ನು ಬಿಚ್ಚಿ ಒಳಗಿನ ಭಾಗಗಳನ್ನು ಪರೀಕ್ಷಿಸಿದಾಗ, ಅದು ವಾಸ್ತವವಾಗಿ ತೆಗೆದುಕೊಳ್ಳುತ್ತಿದ್ದುದು ಸೆಕೆಂಡಿಗೆ 20 ಕೋಟಿ ಮಾದರಿಗಳನ್ನು ಎಂದು ತಿಳಿದುಬಂತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಹಾಗೆಂದು 20 ಕೋಟಿ ಎಂಬುದು ಅಲ್ಪವೇನೂ ಅಲ್ಲ. ಮೋಸವಿರುವುದು ಉಪಕರಣದಲ್ಲಲ್ಲ, ಅಚ್ಚಿನಲ್ಲಿ.

ಮಾದರಿಗಳ ಸಂಖ್ಯೆ ಏಕೆ ಮುಖ್ಯ? ಸಿನಿಮಾದಲ್ಲಿ ಮುಂದಕ್ಕೆ ಓಡುವ ಗಾಡಿಯ ಚಕ್ರವು ಹಿಂದಕ್ಕೆ ಉರುಳುವಂತೆ ತೋರುವುದನ್ನು ನೀವು ನೋಡಿರಬಹುದು. ಕ್ಯಾಮರಾ ಸೆಕೆಂಡಿಗೆ 24 ಬಾರಿ ಮಾತ್ರ ಇಣುಕುತ್ತದೆ. ಅಷ್ಟರಲ್ಲಿ ಚಕ್ರದ ಕಡ್ಡಿಗಳು ಎಷ್ಟು ಸರಿದವು ಎಂಬುದು ಅದಕ್ಕೆ ತಿಳಿಯದು. ಆಸಿಲೋಸ್ಕೋಪಿಗೂ ಇದೇ ಭ್ರಮೆಯುಂಟಾಗುತ್ತದೆ. ಸೆಕೆಂಡಿಗೆ 1,00,000 ಮಾದರಿಗಳನ್ನು ತೆಗೆಯುತ್ತಿರುವ ಉಪಕರಣಕ್ಕೆ 99,000 ಹರ್ಟ್ಸಿನ ತರಂಗವನ್ನು ಕೊಟ್ಟರೆ, ಪರದೆಯ ಮೇಲೆ 1,000 ಹರ್ಟ್ಸಿನ ಸುಂದರವಾದ ತರಂಗವೊಂದು ಮೂಡುತ್ತದೆ. ಅದರಲ್ಲಿ ಅಂಕುಡೊಂಕು ಇರುವುದಿಲ್ಲ, ಅನುಮಾನಕ್ಕೆ ಎಡೆಯೂ ಇರುವುದಿಲ್ಲ. ಆದರೂ ಅದು ಶುದ್ಧ ಸುಳ್ಳು. ತರಂಗದ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಮಾದರಿಗಳಿಲ್ಲದೆ ಅದನ್ನು ಸರಿಯಾಗಿ ಗುರುತಿಸಲಾಗದು ಎಂಬ ತತ್ತ್ವದ ತಳಹದಿಯನ್ನು ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಹಾಕಿದನು. ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಗಣಿತದ ಪ್ರಮೇಯವಾಗಿ ನಿರೂಪಿಸಿದನು. ವ್ಯವಹಾರದಲ್ಲಿ ಎರಡರಷ್ಟು ಸಾಲದು; ತರಂಗದ ಆಕಾರವನ್ನು ನಂಬಬೇಕಾದರೆ ಒಂದೊಂದು ಆವರ್ತಕ್ಕೆ ಐದರಿಂದ ಹತ್ತು ಮಾದರಿಗಳಾದರೂ ಬೇಕು.

ಇದಕ್ಕೆ ಉಪಾಯ ಸರಳವಾಗಿದೆ. ಹೊಸ ತರಂಗವೊಂದನ್ನು ನೋಡುವಾಗ ಕಾಲಮಾನವನ್ನು ಅತಿ ವೇಗದ ಮೆಟ್ಟಲಿನಿಂದ ಆರಂಭಿಸಿ ನಿಧಾನದ ಕಡೆಗೆ ಬನ್ನಿರಿ. ಎಂದಿಗೂ ನಿಧಾನದಿಂದ ಆರಂಭಿಸಬೇಡಿರಿ. ಕಂಡ ತರಂಗದಲ್ಲಿ ಸಂಶಯ ಬಂದರೆ ಕಾಲಮಾನವನ್ನು ಒಂದೆರಡು ಮೆಟ್ಟಲು ವೇಗಕ್ಕೆ ಏರಿಸಿ ನೋಡಿರಿ. ನಿಜವಾದ ತರಂಗವು ಅಗಲವಾಗಿ ಕಂಡರೂ ಲೆಕ್ಕಹಾಕಿದಾಗ ಅದರ ಆವೃತ್ತಿ ಬದಲಾಗದು. ಭ್ರಮೆಯ ತರಂಗವಾದರೆ ಆವೃತ್ತಿಯೇ ಬದಲಾಗಿಬಿಡುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದನ್ನು ಪೆಟ್ಟಿಗೆಯ ಮೇಲೆ ಯಾರೂ ದೊಡ್ಡಕ್ಷರಗಳಲ್ಲಿ ಬರೆಯುವುದಿಲ್ಲ. ತೆಗೆದ ಮಾದರಿಗಳನ್ನೆಲ್ಲ ಇಟ್ಟುಕೊಳ್ಳಲು ಉಪಕರಣಕ್ಕೆ ಸ್ಮರಣೆ ಬೇಕಷ್ಟೆ. ಪರದೆಯ ಒಂದು ಓಟಕ್ಕೆ 1,000 ಮಾದರಿಗಳನ್ನು ಮಾತ್ರ ಹಿಡಿಯಬಲ್ಲ ಸ್ಮರಣೆಯುಳ್ಳ, ಅಡ್ಡಲಾಗಿ ಹತ್ತು ಮನೆಗಳುಳ್ಳ ಉಪಕರಣವನ್ನು ಊಹಿಸಿಕೊಳ್ಳಿರಿ. ಒಂದು ಮನೆಗೆ 10 ಮಿಲಿಸೆಕೆಂಡು ಎಂದು ಇಟ್ಟರೆ ಇಡೀ ಪರದೆಯ ಅವಧಿ 100 ಮಿಲಿಸೆಕೆಂಡು. ಅಷ್ಟು ಹೊತ್ತಿನಲ್ಲಿ 1,000 ಮಾದರಿಗಳೆಂದರೆ ಸೆಕೆಂಡಿಗೆ 10,000 ಮಾತ್ರ! ಕೋಟಿಗಳ ಲೆಕ್ಕದಲ್ಲಿ ಬಡಾಯಿ ಕೊಚ್ಚಿದ ಉಪಕರಣವು ಈಗ 5,000 ಹರ್ಟ್ಸಿಗಿಂತ ಮೇಲಿನ ಯಾವುದನ್ನೂ ನಂಬಿಕೆಯಿಂದ ತೋರಿಸಲಾರದು. ಆದುದರಿಂದ ಈಗ ನನ್ನ ಉಪಕರಣ ಎಷ್ಟು ವೇಗದಲ್ಲಿ ಇಣುಕುತ್ತಿದೆ ಎಂದು ಪ್ರತಿ ಅಳತೆಗೂ ಮುನ್ನ ಲೆಕ್ಕಹಾಕುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಇದಕ್ಕೆ ಬೇಕಾದುದು ಒಂದು ಭಾಗಾಕಾರ ಮಾತ್ರ.

ಇನ್ನು ಬ್ಯಾಂಡ್‌ವಿಡ್ತಿನ ವಿಚಾರ. ಒಂದು ಆಸಿಲೋಸ್ಕೋಪಿನ ಬ್ಯಾಂಡ್‌ವಿಡ್ತ್ 100 ಮೆಗಾಹರ್ಟ್ಸ್ ಎಂದರೆ, ಆ ಆವೃತ್ತಿಯವರೆಗೂ ಎಲ್ಲವೂ ಸರಿಯಾಗಿ ಕಾಣುತ್ತದೆ ಎಂದು ಅರ್ಥವಲ್ಲ. ಆ ಆವೃತ್ತಿಯಲ್ಲಿ 1 ವೋಲ್ಟಿನ ಸೈನ್ ತರಂಗವು ಸುಮಾರು 0.7 ವೋಲ್ಟಾಗಿ ಕುಗ್ಗಿ ಕಾಣುತ್ತದೆ ಎಂದೇ ಅದರ ಅರ್ಥ. ಚೌಕ ತರಂಗದ ಪಾಡಂತೂ ಇನ್ನೂ ಕಷ್ಟ. 10 ಮೆಗಾಹರ್ಟ್ಸಿನ ಚೌಕ ತರಂಗದಲ್ಲಿ 10ರ ಸೈನ್ ತರಂಗದ ಜೊತೆಗೆ ಅದರ ಮೂರನೆಯ ಒಂದರಷ್ಟು ಎತ್ತರದ 30 ಮೆಗಾಹರ್ಟ್ಸು, ಐದನೆಯ ಒಂದರಷ್ಟು ಎತ್ತರದ 50 ಮೆಗಾಹರ್ಟ್ಸು, ಹೀಗೆ ಬೆಸಸಂಖ್ಯೆಯ ಅಂಶಗಳೆಲ್ಲ ಸೇರಿರುತ್ತವೆಯೆಂದು ಫೂರ್ಯೇಯ ಗಣಿತ ತೋರಿಸುತ್ತದೆ. ಮೇಲಿನ ಅಂಶಗಳನ್ನು ಉಪಕರಣ ನುಂಗಿಬಿಟ್ಟರೆ ಚೌಕದ ಮೂಲೆಗಳು ಸವೆದು ಗುಡ್ಡದಂತೆ ದುಂಡಗಾಗುತ್ತವೆ. ತಾನು ಕಟ್ಟಿದ ಮಂಡಲದಲ್ಲೇ ದೋಷವಿದೆಯೆಂದು ವಿದ್ಯಾರ್ಥಿ ತಲೆ ಕೆಡಿಸಿಕೊಳ್ಳುತ್ತಾನೆ. ದೋಷವಿರುವುದು ನೋಡುವ ಕಣ್ಣಿನಲ್ಲಿ.

ಈ ಕಣ್ಣಿನ ಶಕ್ತಿಯನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ತಟ್ಟನೆ ಏರುವ ಅಂಚುಳ್ಳ ಒಂದು ಚೌಕ ತರಂಗ ಬೇಕು. ಕೆಲವೇ ರೂಪಾಯಿಗಳಿಗೆ ಸಿಗುವ ವೇಗದ ಲಾಜಿಕ್ ಐ.ಸಿ.ಯಿಂದ ಕೆಲವು ನ್ಯಾನೋಸೆಕೆಂಡಿನಲ್ಲಿ ಏರುವ ಅಂಚನ್ನು ಪಡೆಯಬಹುದು. ಅಂಚು ತನ್ನ ಎತ್ತರದ ಶೇಕಡ 10ರಿಂದ ಶೇಕಡ 90ಕ್ಕೆ ಏರಲು ಹಿಡಿಯುವ ಕಾಲಕ್ಕೆ ಏರುಕಾಲವೆನ್ನುತ್ತಾರೆ. ಪರದೆಯ ಮೇಲೆ ಕಾಣುವ ಏರುಕಾಲದ ವರ್ಗವು, ತರಂಗದ ಸ್ವಂತ ಏರುಕಾಲದ ವರ್ಗ ಮತ್ತು ಉಪಕರಣದ ಏರುಕಾಲದ ವರ್ಗ ಇವೆರಡರ ಮೊತ್ತಕ್ಕೆ ಸರಿಸುಮಾರಾಗಿ ಸಮವಾಗಿರುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಗೆ ಇದು ಪೈಥಾಗೊರಸನ ಲಂಬಕೋನ ತ್ರಿಭುಜವೇ ಅಲ್ಲವೆ? ಐ.ಸಿ.ಯ ಏರುಕಾಲ 5 ನ್ಯಾನೋಸೆಕೆಂಡು, ಪರದೆಯಲ್ಲಿ ಕಂಡದ್ದು 13 ನ್ಯಾನೋಸೆಕೆಂಡು ಎಂದಾದರೆ, ಉಪಕರಣದ ಏರುಕಾಲ 12 ನ್ಯಾನೋಸೆಕೆಂಡು. 0.35 ಎಂಬ ಸಂಖ್ಯೆಯನ್ನು ಏರುಕಾಲದಿಂದ ಭಾಗಿಸಿದರೆ ಬ್ಯಾಂಡ್‌ವಿಡ್ತ್ ದೊರೆಯುತ್ತದೆ. ಇಲ್ಲಿ ಅದು ಸುಮಾರು 29 ಮೆಗಾಹರ್ಟ್ಸ್. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ನಿಮ್ಮ ಉಪಕರಣದ ಯೋಗ್ಯತೆ ಇಷ್ಟೆಂದು ಈಗ ನೀವೇ ತಿಳಿದಂತಾಯಿತು. ಇನ್ನು ಮುಂದೆ 3 ಮೆಗಾಹರ್ಟ್ಸಿನ ಚೌಕ ತರಂಗವನ್ನು ಧೈರ್ಯವಾಗಿ ನೋಡಬಹುದು. 20 ಮೆಗಾಹರ್ಟ್ಸಿನದು ಹೇಗಿದೆಯೆಂದು ಅದನ್ನು ಕೇಳಬಾರದು.

ಅಡ್ಡಗೆರೆಯಂತೆ ಉದ್ದಗೆರೆಗೂ ಮಿತಿಯುಂಟು. ಇಂತಹ ಉಪಕರಣಗಳಲ್ಲಿ ಹೆಚ್ಚಿನವು ವೋಲ್ಟೇಜನ್ನು ಎಂಟು ಬಿಟ್ಟುಗಳಲ್ಲಿ, ಎಂದರೆ 256 ಮೆಟ್ಟಲುಗಳಲ್ಲಿ ಅಳೆಯುತ್ತವೆ. ಪರದೆಯ ಪೂರ್ಣ ಎತ್ತರ 8 ವೋಲ್ಟಾದರೆ ಒಂದು ಮೆಟ್ಟಲು ಸುಮಾರು 31 ಮಿಲಿವೋಲ್ಟು. 5 ವೋಲ್ಟಿನ ವಿದ್ಯುತ್ ಪೂರೈಕೆಯ ಮೇಲೆ ಕುಳಿತ 20 ಮಿಲಿವೋಲ್ಟಿನ ಅಲೆಯನ್ನು ಹೀಗೆ ಹುಡುಕುವುದು ಧಾನ್ಯ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ. ಅನುಭವಸ್ಥರು ಇಂತಹಲ್ಲಿ ಎ.ಸಿ. ಜೋಡಣೆಯನ್ನು ಆರಿಸುತ್ತಾರೆ. ಆಗ ಒಳಗಿನ ಕೆಪ್ಯಾಸಿಟರು ಸ್ಥಿರವಾದ 5 ವೋಲ್ಟನ್ನು ತಡೆದು, ಅಲೆಯನ್ನು ಮಾತ್ರ ಒಳಬಿಡುತ್ತದೆ. ಮನೆಯೊಂದಕ್ಕೆ 10 ಮಿಲಿವೋಲ್ಟಿನ ಮಾಪನದಲ್ಲಿ ಅದನ್ನು ವಿಸ್ತಾರವಾಗಿ ನೋಡಬಹುದು. ಆದರೆ ಅದೇ ಜೋಡಣೆಯಲ್ಲಿ 10 ಹರ್ಟ್ಸಿನ ಚೌಕ ತರಂಗವನ್ನು ನೋಡಿದರೆ ಅದರ ಮಾಳಿಗೆ ಇಳಿಜಾರಾಗಿ ಕಾಣಬಹುದು. ಅದು ತರಂಗದ ಗುಣವಲ್ಲ, ಕೆಪ್ಯಾಸಿಟರಿನ ಪ್ರಭಾವ. ಒಂದು ಕಡೆ ನೆರವಾದ ಉಪಾಯವು ಇನ್ನೊಂದು ಕಡೆ ದಾರಿ ತಪ್ಪಿಸುತ್ತದೆ ಎಂಬ ಪಾಠವೂ ಇದರಲ್ಲಿದೆ.

ಪ್ರೋಬಿನ ಸಂಗತಿ ಅನೇಕರ ಲಕ್ಷ್ಯಕ್ಕೆ ಬರುವುದಿಲ್ಲ. ಹತ್ತರ ಪ್ರೋಬಿನಲ್ಲಿ 9 ಮೆಗಾಓಮಿನ ರೋಧಕವಿದ್ದು, ಉಪಕರಣದ 1 ಮೆಗಾಓಮಿನೊಡನೆ ಸೇರಿ ವೋಲ್ಟೇಜನ್ನು ಹತ್ತನೆಯ ಒಂದಕ್ಕೆ ಇಳಿಸುತ್ತದೆ. ಪ್ರೋಬಿನ ಗುಂಡಿಯನ್ನು ಹತ್ತಕ್ಕೆ ಇಟ್ಟು, ಪರದೆಯ ಪಟ್ಟಿಯಲ್ಲಿ ಒಂದಕ್ಕೆ ಬಿಟ್ಟರೆ 5 ವೋಲ್ಟು 0.5 ವೋಲ್ಟಾಗಿ ಕಾಣುತ್ತದೆ. ಇಂತಹ ತಪ್ಪು ಬೇಗ ಬಯಲಾಗುತ್ತದೆ. ಆದರೆ ಪ್ರೋಬನ್ನು ಸರಿಹೊಂದಿಸದೆ ಬಿಡುವ ತಪ್ಪು ಬಯಲಾಗದು. ಉಪಕರಣದ ಬದಿಯಲ್ಲಿ ಸಾಮಾನ್ಯವಾಗಿ 1,000 ಹರ್ಟ್ಸಿನ ಚೌಕ ತರಂಗವೊಂದು ಹೊರಬರುತ್ತಿರುತ್ತದೆ. ಪ್ರೋಬನ್ನು ಅದಕ್ಕೆ ಮುಟ್ಟಿಸಿ, ಚೌಕದ ಮಾಳಿಗೆ ಸಮತಟ್ಟಾಗುವವರೆಗೆ ಪ್ರೋಬಿನ ಪುಟ್ಟ ತಿರುಪನ್ನು ಪ್ಲಾಸ್ಟಿಕ್ ತಿರುಪುಳಿಯಿಂದ ತಿರುಗಿಸಬೇಕು. ಇನ್ನು ಪ್ರೋಬಿನ ನೆಲತಂತಿ. ಅದರ ಪ್ರತಿ ಮಿಲಿಮೀಟರೂ ಸುಮಾರು 1 ನ್ಯಾನೋಹೆನ್ರಿಯಷ್ಟು ಪ್ರೇರಕತ್ವವನ್ನು ತರುತ್ತದೆ. ಗೇಣುದ್ದದ ತಂತಿಯಿಂದ ವೇಗದ ಅಂಚನ್ನು ನೋಡಿದಾಗ ಗೆರೆಯು ಬಾರಿಸಿದ ಗಂಟೆಯಂತೆ ಕಂಪಿಸುತ್ತದೆ. ಪ್ರೋಬಿನ ಮೂತಿಯ ಬಳಿಯೇ ಚಿಕ್ಕ ತಂತಿಯ ಸುರುಳಿಯನ್ನು ಸುತ್ತಿ ನೆಲಕ್ಕೆ ತಾಗಿಸಿದರೆ ಆ ಕಂಪನ ಬಹಳಮಟ್ಟಿಗೆ ಅಡಗುತ್ತದೆ. ಕಾಸಿಲ್ಲದೆ ದೊರೆಯುವ ಈ ಉಪಾಯವನ್ನು ದುಬಾರಿ ಉಪಕರಣಗಳ ಒಡೆಯರೂ ಬಳಸುತ್ತಾರೆ.

ಸ್ಪರ್ಶಪರದೆಗೆ ಅದರದೇ ಆದ ತೊಡಕುಗಳುಂಟು. ತಿರುಗಿಸುವ ಗುಂಡಿಯನ್ನು ಕಣ್ಣು ಗೆರೆಯ ಮೇಲಿರುವಾಗಲೇ ಬೆರಳು ಹುಡುಕಿಕೊಳ್ಳುತ್ತದೆ. ಸ್ಪರ್ಶಪರದೆಯಲ್ಲಿ ಬೆರಳೇ ಗೆರೆಯನ್ನು ಮರೆಮಾಡುತ್ತದೆ. ಪುಟ್ಟ ಪರದೆಯಲ್ಲಿ ಟ್ರಿಗರಿನ ಗುರುತನ್ನು ಸರಿಸಹೋದರೆ ತರಂಗವೇ ಸರಿದುಹೋಗುವುದುಂಟು. ಬಳಕೆದಾರರು ಕಂಡುಕೊಂಡ ಪರಿಹಾರಗಳು ಹೀಗಿವೆ: ಮೊದಲು ಓಟವನ್ನು ನಿಲ್ಲಿಸಿ ಚಿತ್ರವನ್ನು ಸ್ಥಿರಗೊಳಿಸಿ, ಆಮೇಲೆ ಅಳತೆಯ ಗೆರೆಗಳನ್ನು ಸರಿಸಬೇಕು, ಒತ್ತಿದರೆ ಮಾತ್ರ ಓಗೊಡುವ ಹಳೆಯ ಬಗೆಯ ಪರದೆಯಾದರೆ ಬೆರಳಿಗೆ ಬದಲಾಗಿ ಮೊಂಡು ತುದಿಯ ಕಡ್ಡಿಯನ್ನು ಬಳಸಬೇಕು, ಉಪಕರಣವನ್ನು ಕೈಯಲ್ಲಿ ಹಿಡಿಯದೆ ಪುಸ್ತಕದ ಪೀಠದಂತಹ ಆಸರೆಗೆ ಒರಗಿಸಿಡಬೇಕು. ಇನ್ನೊಂದು ವಿಚಿತ್ರವೆಂದರೆ, ಅಗ್ಗದ ಚಾರ್ಜರನ್ನು ಸಿಕ್ಕಿಸಿದಾಗ ಪರದೆಯು ಮುಟ್ಟದ ಕಡೆ ಮುಟ್ಟಿದಂತೆ ವರ್ತಿಸುವುದು ಮತ್ತು ಗೆರೆಯ ಮೇಲೆ ಹುಲ್ಲು ಬೆಳೆದಂತೆ ಗದ್ದಲ ಮೂಡುವುದು. ಚಾರ್ಜರಿನೊಳಗಿನ ವೇಗದ ಸ್ವಿಚ್ಚಿನ ಗದ್ದಲವೇ ಇದಕ್ಕೆ ಕಾರಣ. ಚಾರ್ಜರನ್ನು ಕಿತ್ತು, ಬ್ಯಾಟರಿಯ ಮೇಲೆಯೇ ಅಳೆಯುವುದು ಇದಕ್ಕೆ ಮದ್ದು.

‘ಆಟೋ’ ಎಂಬ ಗುಂಡಿಯ ಬಗೆಗೆ ಒಂದು ಮಾತು. ಅದನ್ನು ಒತ್ತಿದರೆ ಉಪಕರಣವೇ ಕಾಲಮಾನ, ಎತ್ತರ, ಟ್ರಿಗರುಗಳನ್ನು ಊಹಿಸಿ ಚಿತ್ರವೊಂದನ್ನು ನಿಲ್ಲಿಸುತ್ತದೆ. ಸರಳ ತರಂಗಗಳಿಗೆ ಇದು ನೆರವಾದೀತು. ಆದರೆ ಆಗೊಮ್ಮೆ ಈಗೊಮ್ಮೆ ಬಂದುಹೋಗುವ ಸಂಕೇತಗಳನ್ನು ಅದು ಹಿಡಿಯಲಾರದು. ಏನೂ ಸಿಗದಾಗ ಗೋಡೆಯ ತಂತಿಗಳಿಂದ ಹರಿದುಬರುವ 50 ಹರ್ಟ್ಸಿನ ಗುಂಯ್‌ಗುಡುವಿಕೆಯನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಏನನ್ನು ನೋಡಬೇಕೆಂದು ಮೊದಲೇ ಯೋಚಿಸದವನಿಗೆ ಉಪಕರಣವು ಏನನ್ನೋ ತೋರಿಸಿ ಕಳುಹಿಸುತ್ತದೆ. ಆದುದರಿಂದ ಮೊದಲ ಒಂದು ತಿಂಗಳು ಆ ಗುಂಡಿಯನ್ನು ಮುಟ್ಟದಿರುವುದು ಲೇಸು.

ಇನ್ನು ಹೇಳಬೇಕಾದ ಎಚ್ಚರಿಕೆಯು ಅಳತೆಯ ತಪ್ಪಿಗಲ್ಲ, ಪ್ರಾಣಕ್ಕೆ ಸಂಬಂಧಿಸಿದುದು. ನಮ್ಮ ಮನೆಗಳ 230 ವೋಲ್ಟಿನ ವಿದ್ಯುತ್ತು ತನ್ನ ಶಿಖರದಲ್ಲಿ ಸುಮಾರು 325 ವೋಲ್ಟನ್ನು ಮುಟ್ಟುತ್ತದೆ. ಹಲವು ಪುಟ್ಟ ಆಸಿಲೋಸ್ಕೋಪುಗಳ ನೇರ ಮಿತಿ 50 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಹತ್ತರ ಪ್ರೋಬಿದ್ದರೆ ಸಾಕು, ಬ್ಯಾಟರಿಯ ಉಪಕರಣಕ್ಕೆ ಅಪಾಯವಿಲ್ಲ ಎಂದು ಕೆಲವರು ವಾದಿಸುತ್ತಾರೆ. ಈ ವಾದ ಕೊಲ್ಲುವ ವಾದ. ಪ್ರೋಬಿನ ನೆಲತಂತಿಯನ್ನು ಮೇನ್ಸಿನ ಜೀವಂತ ತಂತಿಗೆ ಸಿಕ್ಕಿಸಿದರೆ ಉಪಕರಣದ ಲೋಹದ ಭಾಗಗಳೆಲ್ಲ ಅದೇ ವೋಲ್ಟೇಜಿಗೆ ಏರುತ್ತವೆ. ಪ್ರೋಬಿನ ಕೊಳವೆಯನ್ನೋ, ಯು.ಎಸ್.ಬಿ. ರಂಧ್ರದ ಅಂಚನ್ನೋ ಮುಟ್ಟಿದ ಕೈ ಆ ವಿದ್ಯುತ್ತಿಗೆ ದಾರಿಯಾಗುತ್ತದೆ. ಅದೇ ಸಮಯದಲ್ಲಿ ಉಪಕರಣವನ್ನು ನೆಲಜೋಡಣೆಯಿರುವ ಮೇಜಿನ ಕಂಪ್ಯೂಟರಿಗೆ ಕೂಡಿಸಿದ್ದರೆ ನೇರವಾದ ಶಾರ್ಟ್ ಸರ್ಕ್ಯೂಟೇ ಆಗಿ ಎರಡೂ ಸುಟ್ಟುಹೋಗಬಹುದು. ಹುಡುಗರು ಆಸಕ್ತಿಯಿಂದ ಬಿಚ್ಚುವ ಎಲ್‌ಇಡಿ ಬಲ್ಬುಗಳ ಒಳಗಿನ ಮಂಡಲವು ಬಹುಪಾಲು ಮೇನ್ಸಿನಿಂದ ಬೇರ್ಪಟ್ಟಿರುವುದಿಲ್ಲವೆಂಬುದನ್ನು ನೆನಪಿಡಬೇಕು. ಮೇನ್ಸಿನ ತರಂಗವನ್ನು ನೋಡುವ ಕುತೂಹಲವಿದ್ದರೆ, ಅಧ್ಯಾಪಕರ ಸಮ್ಮುಖದಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗಿರುವ 6 ವೋಲ್ಟಿನ ಟ್ರಾನ್ಸ್‌ಫಾರ್ಮರಿನ ಕಡಿಮೆ ವೋಲ್ಟೇಜಿನ ಬದಿಯಲ್ಲಿ ನೋಡಿರಿ. 20 ಮಿಲಿಸೆಕೆಂಡಿಗೊಂದು ಆವರ್ತ, ಸುಮಾರು ಎಂಟೂವರೆ ವೋಲ್ಟಿನ ಇಲ್ಲವೆ ಅದಕ್ಕೂ ತುಸು ಹೆಚ್ಚಿನ ಶಿಖರ. ನೋಡಬೇಕಾದುದೆಲ್ಲ ಅಲ್ಲಿಯೇ ಇದೆ. ಈ ಒಂದು ವಿಷಯದಲ್ಲಿ ಯಾವ ಉಪಾಯವನ್ನೂ ಹುಡುಕಬಾರದು.

ಇಷ್ಟೆಲ್ಲ ತೊಡಕುಗಳಿರುವ ಉಪಕರಣವೇಕೆ, ಒಳ್ಳೆಯದೊಂದನ್ನೇ ಕೊಳ್ಳಬಾರದೆ ಎಂದು ಯಾರಾದರೂ ಕೇಳಬಹುದು. ಕೊಳ್ಳುವ ಶಕ್ತಿಯುಳ್ಳ ಸಂಸ್ಥೆ ಖಂಡಿತವಾಗಿಯೂ ಕೊಳ್ಳಲಿ. ಆದರೆ ನಮ್ಮ ಅನೇಕ ಪ್ರಯೋಗಶಾಲೆಗಳಲ್ಲಿ ನಡೆಯುವುದೇನು? ಒಂದು ಆಸಿಲೋಸ್ಕೋಪಿನ ಸುತ್ತ ಐದಾರು ಮಂದಿ ನಿಲ್ಲುತ್ತಾರೆ. ಚುರುಕಾದ ಒಬ್ಬನು ಗುಂಡಿ ತಿರುಗಿಸುತ್ತಾನೆ. ಉಳಿದವರು ಅವನು ಹೇಳಿದ ಅಂಕಿಗಳನ್ನು ಬರೆದುಕೊಳ್ಳುತ್ತಾರೆ. ದುಬಾರಿ ಉಪಕರಣ ಕೆಟ್ಟೀತೆಂಬ ಭಯದಿಂದ ಉಳಿದ ಹೊತ್ತಿನಲ್ಲಿ ಅದಕ್ಕೆ ಬೀಗ. ಈಜು ಕಲಿಯುವವನು ನೀರಿಗಿಳಿಯದೆ ದಡದಲ್ಲಿ ನಿಂತು ಕೈಬೀಸಿದಂತೆ ಇದು. ಒಂದು ಉತ್ತಮವಾದ ಆಸಿಲೋಸ್ಕೋಪನ್ನು ಹೋಲಿಕೆಯ ಅಳತೆಗೋಲಾಗಿ ಇಟ್ಟುಕೊಂಡು, ಉಳಿದ ಹಣದಲ್ಲಿ ಹತ್ತು ಪುಟ್ಟವುಗಳನ್ನು ಕೊಂಡು ಇಬ್ಬಿಬ್ಬರ ಕೈಗೆ ಒಂದೊಂದನ್ನು ಕೊಡುವುದು ಮೇಲೆಂದು ನಾನು ಭಾವಿಸುತ್ತೇನೆ.

ಇದಕ್ಕಿಂತಲೂ ಗಂಭೀರವಾದ ಕಾರಣವೊಂದಿದೆ. ಪ್ರಯೋಗದ ಉತ್ತರವನ್ನು ಪುಸ್ತಕದಿಂದ ಮೊದಲೇ ತಿಳಿದು, ಅದಕ್ಕೆ ಸರಿಹೊಂದುವಂತೆ ಓದಿಕೆಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯುವ ದುರಭ್ಯಾಸವು ನಮ್ಮಲ್ಲಿ ಹೊಸದಲ್ಲ. ಉಪಕರಣ ತಪ್ಪಬಹುದು, ಆ ತಪ್ಪನ್ನು ಅಳೆಯಬಹುದು, ಅಳೆದು ಬರೆದರೆ ಅಂಕಗಳು ಕಡಿಮೆಯಾಗುವುದಿಲ್ಲ ಎಂದು ವಿದ್ಯಾರ್ಥಿಗೆ ಯಾರೂ ಹೇಳಿಕೊಡದಿರುವುದೇ ಇದಕ್ಕೆ ಕಾರಣ. ತಪ್ಪುವ ಉಪಕರಣವೊಂದನ್ನು ಕೈಗೆ ಕೊಟ್ಟು, ಅದು ಎಲ್ಲಿ ತಪ್ಪುತ್ತದೆಂದು ಕಂಡುಹಿಡಿ ಎಂದಾಗ ಮಾತ್ರ ಅವನು ತನ್ನ ಕಣ್ಣನ್ನು ನಂಬಲೂ, ಅನುಮಾನಿಸಲೂ ಕಲಿಯುತ್ತಾನೆ. ಮುಂದೆ ಆಸ್ಪತ್ರೆಯ ಯಂತ್ರವನ್ನೋ, ವಿದ್ಯುತ್ ಸ್ಥಾವರದ ಮೀಟರನ್ನೋ ನೋಡಿಕೊಳ್ಳಬೇಕಾದವನಿಗೆ ಈ ಗುಣ ಬೇಕೇ ಬೇಕು.

ಆದುದರಿಂದ ನನ್ನ ಸಲಹೆಯಿಷ್ಟು. ಹೊಸ ಆಸಿಲೋಸ್ಕೋಪಿನ ಮೊದಲ ಪ್ರಯೋಗವು ಆ ಆಸಿಲೋಸ್ಕೋಪಿನ ಮೇಲೆಯೇ ನಡೆಯಲಿ. ರೆಕಾರ್ಡ್ ಪುಸ್ತಕದ ಮೊದಲ ಪುಟದಲ್ಲಿ ಅದರ ಜಾತಕವನ್ನು ಬರೆಯಿರಿ. ಪ್ರೋಬಿನ ತುದಿಯನ್ನು ಅದರ ನೆಲತಂತಿಗೆ ಸೇರಿಸಿದಾಗ ಗೆರೆ ನಿಜವಾಗಿ ಸೊನ್ನೆಯಲ್ಲಿ ನಿಲ್ಲುತ್ತದೆಯೆ? ಹೊಸ ಶುಷ್ಕಕೋಶದ ವೋಲ್ಟೇಜು ನಂಬಲರ್ಹವಾದ ಮೀಟರಿನ ಓದಿಕೆಗೆ ಎಷ್ಟು ಹತ್ತಿರವಿದೆ? ಗಡಿಯಾರಗಳಲ್ಲಿ ಬಳಸುವ 32,768 ಹರ್ಟ್ಸಿನ ಹರಳಿನಿಂದ ನಡೆಯುವ ಮಂಡಲದ ಆವೃತ್ತಿಯನ್ನು ಅದು ಎಷ್ಟೆಂದು ತೋರಿಸುತ್ತದೆ? ಏರುಕಾಲವೆಷ್ಟು, ಅದರಿಂದ ತಿಳಿಯುವ ಬ್ಯಾಂಡ್‌ವಿಡ್ತೆಷ್ಟು? ಒಂದು ಓಟಕ್ಕೆ ಎಷ್ಟು ಮಾದರಿ? ಈ ಐದು ಪ್ರಶ್ನೆಗಳಿಗೆ ಉತ್ತರ ಬರೆಯಲು ಒಂದು ಮಧ್ಯಾಹ್ನ ಸಾಕು. ಆರು ತಿಂಗಳಿಗೊಮ್ಮೆ ಅದನ್ನು ಮತ್ತೆ ಮಾಡಿ ಪಕ್ಕದಲ್ಲಿಯೇ ಬರೆದಿಡಿರಿ. ಅಂಕಿಗಳನ್ನು ಉಬ್ಬಿಸಿ ಅಚ್ಚುಹಾಕುವ ಮಾರಾಟಗಾರರಿಗೆ ಇದಕ್ಕಿಂತ ತಕ್ಕ ಉತ್ತರವಿಲ್ಲ. ಅಳೆಯಬಲ್ಲ ಗಿರಾಕಿಯ ಮುಂದೆ ಸುಳ್ಳು ಅಂಕಿ ಬಹುಕಾಲ ಬಾಳುವುದಿಲ್ಲ.

ಮೇಲೆ ಹೇಳಿದ ಏಳಂಗುಲದ ಉಪಕರಣದ ಕಥೆ ಅದರ ಸುಳ್ಳು ಬಯಲಾದಲ್ಲಿಗೆ ಮುಗಿಯಲಿಲ್ಲ. ಅದನ್ನು ಬಿಚ್ಚಿ ಅಭ್ಯಸಿಸಿದ ಬಳಕೆದಾರರಲ್ಲಿ ಒಬ್ಬರು ಅದರ ಒಳಗಿನ ವ್ಯವಹಾರವನ್ನೆಲ್ಲ ಸ್ವಂತ ಪರಿಶ್ರಮದಿಂದ ಅರಿತು, ಅದನ್ನು ನಡೆಸುವ ತಂತ್ರಾಂಶವನ್ನು ಹೊಸದಾಗಿ ಬರೆದು, ಬೇಕಾದವರೆಲ್ಲ ಉಚಿತವಾಗಿ ಪಡೆದು ಓದುವಂತೆ, ತಿದ್ದುವಂತೆ ಪ್ರಕಟಿಸಿದರು. ತಯಾರಕರು ಮಾಡದೆ ಬಿಟ್ಟ ಕೆಲಸವನ್ನು ಗಿರಾಕಿಯೊಬ್ಬನು ಮಾಡಿದನು. ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಸುಮ್ಮನಿದ್ದವರಿಂದಾಗಲಿ, ಇದು ಆಟದ ಸಾಮಾನೆಂದು ಮೂಗು ಮುರಿದವರಿಂದಾಗಲಿ ಈ ಕೆಲಸ ಆಗುತ್ತಿರಲಿಲ್ಲ. ಅಂತಹ ಬಳಕೆದಾರರು ನಮ್ಮ ಶಾಲಾ ಕಾಲೇಜುಗಳಿಂದಲೂ ಹೊರಬರಬೇಕಾದರೆ, ಉಪಕರಣವು ಬೀರುವಿನಿಂದ ಮೇಜಿಗೆ ಇಳಿಯಬೇಕು. ಅದರ ಜಾತಕವನ್ನು ವಿದ್ಯಾರ್ಥಿಯೇ ಬರೆಯಬೇಕು.